ಬೆಂಕಿ ಆರಿದ ಕಾಡಿಗೆ ಹೋಗುವವರಿಗೆ

2019ರ ಫೆಬ್ರವರಿ ಕೊನೆಯ ವಾರದಲ್ಲಿ ಬಂಡೀಪುರ ಹೊತ್ತಿ ಉರಿಯಿತು. ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟ ವಲಯಗಳಲ್ಲಿ ಹಬ್ಬಿದ ಕಿಚ್ಚು ದಿನಗಟ್ಟಲೆ ಹತೋಟಿಗೆ ಸಿಗಲಿಲ್ಲ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಕರಕಲಾಯಿತು. ಆ ದಿನಗಳಲ್ಲಿ ಊರೂರುಗಳಿಂದ ನೂರಾರು ಜನ ತಾವಾಗಿಯೇ ಹೊರಟು ಬಂದು, ಹಸಿ ಸೊಪ್ಪಿನ ಕೊಂಬೆ ಹಿಡಿದು ಇಲಾಖೆಯ ಸಿಬ್ಬಂದಿಯ ಜೊತೆ ನಿಂತರು. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಬೆಂಕಿ ಸುದ್ದಿಯಾಗುತ್ತದೆ. ಹೊಗೆ ಅಡಗಿದ ಮೇಲಿನ ಕೆಲಸ ಸುದ್ದಿಯಾಗುವುದಿಲ್ಲ. ಕಾಡಿಗೆ ಹೊರಗಿನವರ ಕೈ ಹೆಚ್ಚು ಬೇಕಾಗುವುದು ಆ ಹೊತ್ತಿನಲ್ಲಿ. ಮಣ್ಣು ಕೊಚ್ಚಿ ಹೋಗದಂತೆ ತಡೆಯಬೇಕು, ಕೊರಕಲು ಬಿದ್ದ ಕಾಲುದಾರಿ ಸರಿಪಡಿಸಬೇಕು, ಸುಟ್ಟ ಜಾಗಕ್ಕೆ ಮೊದಲು ನುಗ್ಗುವ ಲಂಟಾನ ಕಳೆಯನ್ನು ಬೇರುಸಹಿತ ಕೀಳಬೇಕು, ಕೆರೆಯ ಬಾಯಿಯಲ್ಲಿ ತುಂಬಿದ ಬೂದಿ ತೆಗೆಯಬೇಕು. ಇದಕ್ಕೆ ಒಂದು ಭಾನುವಾರ ಸಾಲದು. ಕನಿಷ್ಠ ಮೂರು ಮಳೆಗಾಲ ಬೇಕು. ಮೂರು ವರ್ಷ ಬರಲು ಮನಸ್ಸಿರುವ ಹತ್ತು ಜನ, ಒಂದೇ ದಿನ ಬಂದು ಹೋಗುವ ಮುನ್ನೂರು ಜನಕ್ಕಿಂತ ಕಾಡಿಗೆ ಹೆಚ್ಚು ಉಪಕಾರಿಗಳು. ಅಂಥ ಹತ್ತು ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಬೆಂಕಿ ನಂದಿಸಲು ಹೋಗುವುದು ಬೇರೆಯೇ ಕೆಲಸ. ಅದಕ್ಕೆ ತರಬೇತಿ ಬೇಕು, ಆ ಕಾಡಿನ ಗಾಳಿಯ ದಿಕ್ಕು ಬಲ್ಲವರ ಮಾತು ಕೇಳುವ ಶಿಸ್ತು ಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಬೆಂಕಿಯ ಜೊತೆ ಸೆಣಸಿದ ಅರಣ್ಯ ಸಿಬ್ಬಂದಿಯೇ ಪ್ರಾಣ ತೆತ್ತಿದ್ದಾರೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಒಣ ಹುಲ್ಲಿನ ಬೆಂಕಿ ಏರಿನಲ್ಲಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಏರುತ್ತದೆ. ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಜಾಗ ಹೇಳಿ, ಹಿಂದಕ್ಕೆ ಬನ್ನಿ.

ಯಾರನ್ನು ಕೇಳಬೇಕು

ಕಾಡು ನಮ್ಮೆಲ್ಲರದ್ದು ನಿಜ, ಆದರೆ ಹೇಳದೆ ಕೇಳದೆ ಒಳಗೆ ಹೋಗುವಂತಿಲ್ಲ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡುಗಳಿವೆ. ಅಲ್ಲಿಂದ ಸುಟ್ಟ ಕಟ್ಟಿಗೆಯನ್ನಾಗಲಿ, ಉದುರಿದ ಜಿಂಕೆ ಕೊಂಬನ್ನಾಗಲಿ ಎತ್ತಿಕೊಂಡು ಬರುವುದು ಅಪರಾಧ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ.

ನೀವು ಮೊದಲು ಕಾಣಬೇಕಾದವರು ಆ ವಲಯದ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ. ಒಪ್ಪಿಗೆ ಮೇಲಿನಿಂದ, ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಅಥವಾ ಹುಲಿ ಯೋಜನೆಯ ನಿರ್ದೇಶಕರಿಂದ ಬರಬೇಕಾಗಬಹುದು. ಆದರೂ ಯಾವ ಗಸ್ತು ದಾರಿ ಕುಸಿದಿದೆ, ಯಾವ ಹಳ್ಳದ ಬದಿಯಲ್ಲಿ ಲಂಟಾನ ಎದ್ದಿದೆ ಎಂಬುದು ಗೊತ್ತಿರುವುದು ಆರ್‌ಎಫ್‌ಒಗೆ ಮತ್ತು ಅವರ ಕೆಳಗಿನ ಗಾರ್ಡ್, ವಾಚರ್‌ಗಳಿಗೆ. ಕಚೇರಿಯಲ್ಲಿ ಕುಳಿತು ಮಾತಾಡಿದ ಮೇಲೆ ಆ ಬೀಟಿನ ಗಾರ್ಡ್ ಜೊತೆ ಒಮ್ಮೆ ನಡೆದು ನೋಡಿ. ಅವರಿಗೆ ನಿಜಕ್ಕೂ ಬೇಕಾದ ಕೆಲಸ ಏನು ಎಂದು ಕೇಳಿ. ನಮಗೆ ಮಾಡಲು ಇಷ್ಟವಾದ ಕೆಲಸವೂ ಅವರಿಗೆ ಬೇಕಾದ ಕೆಲಸವೂ ಒಂದೇ ಆಗಿರುವುದು ಅಪರೂಪ.

ಇನ್ನೊಂದು ಬಾಗಿಲು ಊರಿನದು. ಹಲವು ಕಡೆ ಗ್ರಾಮ ಅರಣ್ಯ ಸಮಿತಿಗಳಿವೆ, ರಕ್ಷಿತ ಪ್ರದೇಶಗಳ ಅಂಚಿನಲ್ಲಿ ಪರಿಸರ ಅಭಿವೃದ್ಧಿ ಸಮಿತಿಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ (ಬಿಆರ್‌ಟಿ) 2011ರಲ್ಲಿ ಸೋಲಿಗ ಆದಿವಾಸಿಗಳ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅಂಥ ಕಡೆ ಗ್ರಾಮಸಭೆಯ ಮಾತು ಕೇಳದೆ ಯಾವ ಕೆಲಸಕ್ಕೂ ಕೈ ಹಾಕಬಾರದು. ಇದು ಬರೀ ಮರ್ಯಾದೆಯ ಮಾತಲ್ಲ, 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡನ್ನು ಕಾಯುವ ಅಧಿಕಾರವನ್ನೇ ಕೊಟ್ಟಿದೆ.

ಬೂದಿ ಬಿಸಿ ಇರುವಾಗ

ಬೆಂಕಿ ಆರಿತು ಎಂದು ಇಲಾಖೆ ಹೇಳಿದ ಮೇಲೂ ಕೆಲವು ವಾರ ಹೊರಗಿನವರಿಗೆ ಅಲ್ಲಿ ಕೆಲಸವಿಲ್ಲ. ಮೇಲೆ ಬೂದಿ ತಣ್ಣಗೆ ಕಂಡರೂ ಬಿದ್ದ ದಿಮ್ಮಿಗಳ ಒಳಗೆ, ಒಣಗಿದ ಬಿದಿರು ಮೆಳೆಗಳ ಬುಡದಲ್ಲಿ ಕೆಂಡ ದಿನಗಟ್ಟಲೆ ಉಳಿದಿರುತ್ತದೆ. ಮರದ ಬೇರು ನೆಲದೊಳಗೇ ಸುಟ್ಟು ಹೋಗಿ ಮೇಲೆ ತೆಳ್ಳನೆಯ ಮಣ್ಣಿನ ಪದರ ಮಾತ್ರ ನಿಂತಿರುವ ಜಾಗಗಳಿರುತ್ತವೆ. ಅಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಕೆಂಡದ ಗುಂಡಿಗೆ ಇಳಿಯುತ್ತದೆ. ಅನುಮಾನ ಬಂದಲ್ಲಿ ಕೋಲಿನಿಂದ ಚುಚ್ಚಿ ನೋಡಿ, ಅಂಗೈ ಹಿಂಭಾಗವನ್ನು ನೆಲದ ಹತ್ತಿರ ತಂದು ಕಾವು ನೋಡಿ, ಆಮೇಲೆ ಹೆಜ್ಜೆ ಇಡಿ.

ಇದಕ್ಕಿಂತ ದೊಡ್ಡ ಅಪಾಯ ನಿಂತ ಮರಗಳದ್ದು. ಬುಡದ ಒಂದು ಪಕ್ಕ ಟೊಳ್ಳಾಗಿ ಸುಟ್ಟ ಮರ ಗಾಳಿ ಇಲ್ಲದ ಹೊತ್ತಿನಲ್ಲೂ ಸದ್ದಿಲ್ಲದೆ ಉರುಳುತ್ತದೆ. ಒಣ ಕೊಂಬೆಗಳು ಮೇಲಿನ ಹರೆಗಳಲ್ಲಿ ಸಿಕ್ಕಿಕೊಂಡು ಜೋತಾಡುತ್ತಿರುತ್ತವೆ. ಕಾಡಿನಲ್ಲಿ ನಡೆಯುವಾಗ ನಾವೆಲ್ಲ ನೆಲ ನೋಡಿಕೊಂಡು ನಡೆಯುತ್ತೇವೆ, ಬೆಂಕಿ ಬಿದ್ದ ಕಾಡಿನಲ್ಲಿ ನಿಂತು ನಿಂತು ಮೇಲೆ ನೋಡುವುದು ರೂಢಿಯಾಗಬೇಕು. ಅಂಥ ಮರದಿಂದ ಅದರ ಎತ್ತರದ ಎರಡರಷ್ಟು ದೂರದೊಳಗೆ ಬುತ್ತಿ ಬಿಚ್ಚಬೇಡಿ, ಕೆಲಸವನ್ನೂ ಮಾಡಬೇಡಿ.

ಅಮೆರಿಕದ ಕಾಡುಗಳ ಪದ್ಧತಿ ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿ. ಕ್ಯಾಲಿಫೋರ್ನಿಯಾದ ಏಂಜಲೀಸ್ ರಾಷ್ಟ್ರೀಯ ಅರಣ್ಯದಲ್ಲಿ 2009ರ ಸ್ಟೇಷನ್ ಬೆಂಕಿ ಸುಮಾರು 1.6 ಲಕ್ಷ ಎಕರೆ ಸುಟ್ಟಿತು. ಅಲ್ಲಿ ಬೆಂಕಿಯ ನಂತರ ಜನರ ಓಡಾಟವನ್ನೇ ನಿಲ್ಲಿಸುತ್ತಾರೆ, ಕೆಲವು ಕಾಲುದಾರಿಗಳನ್ನು ವರ್ಷಗಟ್ಟಲೆ ತೆರೆಯುವುದಿಲ್ಲ. ಅವುಗಳನ್ನು ಮತ್ತೆ ನಡೆಯುವಂತೆ ಮಾಡುವುದರಲ್ಲಿ ಸ್ವಯಂಸೇವಕ ತಂಡಗಳದ್ದೇ ದೊಡ್ಡ ಪಾಲು. ಆದರೆ ಯಂತ್ರದ ಗರಗಸವಿರಲಿ, ಕೈ ಗರಗಸ ಹಿಡಿದು ಬಿದ್ದ ಮರ ಕೊಯ್ಯಬೇಕಾದರೂ ಸ್ವಯಂಸೇವಕರಿಗೆ ತರಬೇತಿಯ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಆ ನಿಯಮ ಇರಲಿ ಬಿಡಲಿ, ಮರ ಕೊಯ್ಯುವ ಕೆಲಸವನ್ನು ಇಲಾಖೆಯ ಅನುಭವಸ್ಥರಿಗೇ ಬಿಡಿ.

ಸುಟ್ಟ ಕಾಡೆಲ್ಲ ಒಂದೇ ಅಲ್ಲ

ಬಂಡೀಪುರ, ನಾಗರಹೊಳೆ, ಬಿಆರ್‌ಟಿ, ಭದ್ರಾದ ಎಲೆ ಉದುರುವ ಕಾಡುಗಳಲ್ಲಿ ಮತ್ತಿ, ದಿಂಡಿಗ, ಹೊನ್ನೆ, ತೇಗ, ತಡಸಲು ಮರಗಳಿವೆ. ದಪ್ಪ ತೊಗಟೆಯ ಈ ಮರಗಳು ನೆಲದ ಮೇಲೆ ಹರಿದು ಹೋಗುವ ಬೆಂಕಿಯನ್ನು ತಾಳಿಕೊಳ್ಳುತ್ತವೆ. ಮೇಲ್ಭಾಗ ಒಣಗಿದರೂ ಬುಡದಿಂದ ಚಿಗುರುತ್ತವೆ. ಮೊದಲ ಹದಮಳೆ ಬಿದ್ದ ಮೇಲೆ ಕಪ್ಪು ನೆಲದಲ್ಲಿ ಗಿಡ್ಡ ಈಚಲು, ಹುಲ್ಲು, ನೆಲ್ಲಿ, ಮುತ್ತುಗ ತಲೆಯೆತ್ತುವುದನ್ನು ನೋಡಿದರೆ ಕಾಡಿನ ಶಕ್ತಿ ಅರ್ಥವಾಗುತ್ತದೆ. ಸತ್ತಂತೆ ಕಾಣುವ ಮರವನ್ನು ಸತ್ತಿತೆಂದು ತೀರ್ಮಾನಿಸಲು ಒಂದು ಪೂರ್ತಿ ಮಳೆಗಾಲ ಕಾಯಬೇಕು. ಹಾಗೆಂದು ಬೆಂಕಿಯಿಂದ ನಷ್ಟವಿಲ್ಲ ಎಂದಲ್ಲ. ಮೇಲಿಂದ ಮೇಲೆ ಬೆಂಕಿ ಬಿದ್ದರೆ ಎಳೆಯ ಸಸಿಗಳು ಮರವಾಗುವಷ್ಟು ಕಾಲವೇ ಸಿಗದೆ ಹೋಗುತ್ತದೆ. ಮುದಿ ಮರಗಳು ಮಾತ್ರ ಉಳಿದ ಕಾಡು ಹೊರಗಿನಿಂದ ತುಂಬಿದಂತೆಯೇ ಕಾಣುತ್ತದೆ.

ಕುದುರೆಮುಖ, ಪುಷ್ಪಗಿರಿ, ಮುಳ್ಳಯ್ಯನಗಿರಿ, ತಡಿಯಂಡಮೋಳ್ ಕಡೆಯ ಕಥೆ ಬೇರೆ. ಅಲ್ಲಿ ಬೆಟ್ಟದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಹುಲ್ಲು ಮಳೆ ಬಂದ ಕೂಡಲೇ ಮರಳಿ ಬರುತ್ತದೆ. ತೆಳು ತೊಗಟೆಯ ಶೋಲಾ ಮರಗಳು ಹಾಗಲ್ಲ. ಬೆಂಕಿ ಶೋಲಾದ ಅಂಚನ್ನು ಒಮ್ಮೆ ತಿಂದರೆ ಅದು ತುಂಬಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದ ಇಲ್ಲಿ ಸ್ವಯಂಸೇವಕರ ಗಮನ ಇರಬೇಕಾದದ್ದು ಆ ಅಂಚಿನ ಮೇಲೆ. ಅಲ್ಲಿ ಕಾಲು ತುಳಿತ, ದನದ ಓಡಾಟ, ಕಳೆ ಇವು ಮೂರೂ ತಾಗದಂತೆ ನೋಡಿಕೊಂಡರೆ ಶೋಲಾ ತನ್ನಷ್ಟಕ್ಕೆ ತಾನೇ ಹೊರಚಾಚುತ್ತದೆ. ಬೋಳು ಬೆಟ್ಟ ಎಂದುಕೊಂಡು ಹುಲ್ಲುಗಾವಲಿನಲ್ಲಿ ಮರ ನೆಡುವುದಂತೂ ಕೂಡದು. ಅದು ಬೋಳಲ್ಲ, ಮಳೆ ನೀರನ್ನು ಹಿಡಿದು ಹೊಳೆಗಳಿಗೆ ನಿಧಾನವಾಗಿ ಬಿಡುವ ಜೀವಂತ ನೆಲೆ.

ಕಾಲುದಾರಿಯ ಕೆಲಸ

ನಮ್ಮ ಕಾಡುಗಳಲ್ಲಿ ದಾರಿಗಳು ಎರಡು ಬಗೆ. ಹುಲಿ ಸಂರಕ್ಷಿತ ಪ್ರದೇಶಗಳ ಒಳಗಿನವು ಗಸ್ತು ದಾರಿಗಳು. ವಾಚರ್‌ಗಳು ಕಳ್ಳಬೇಟೆ ತಡೆ ಶಿಬಿರದಿಂದ ಶಿಬಿರಕ್ಕೆ ನಡೆಯುವ ದಾರಿ ಅವು, ಸಾರ್ವಜನಿಕರಿಗಲ್ಲ. ಘಟ್ಟದ ಬೆಟ್ಟಗಳಲ್ಲಿರುವವು ಚಾರಣದ ದಾರಿಗಳು. ಸುಡುವ ತಿಂಗಳುಗಳಲ್ಲಿ ಇಲಾಖೆ ಇವುಗಳನ್ನು ಮುಚ್ಚುತ್ತದೆ. ಮುಚ್ಚಿದ ದಾರಿಯಲ್ಲಿ ಹೋಗದಿರುವುದೇ ಚಾರಣಿಗರು ಮಾಡಬಹುದಾದ ಮೊದಲ ಸೇವೆ. ಎರಡೂ ಬಗೆಯ ದಾರಿಗಳಿಗೆ ಬೆಂಕಿಗಿಂತ ಬೆಂಕಿಯ ನಂತರ ಬರುವ ಮೊದಲ ಜಡಿಮಳೆಯೇ ದೊಡ್ಡ ಶತ್ರು.

ಅದು ಹೀಗೆ. ತರಗೆಲೆ, ಹುಲ್ಲು, ಪೊದೆ ಇದ್ದಾಗ ಮಳೆಹನಿ ಅವುಗಳ ಮೇಲೆ ಬಿದ್ದು ನೆಲಕ್ಕೆ ಇಂಗುತ್ತದೆ. ಅವು ಸುಟ್ಟು ಹೋದಾಗ ಹನಿ ನೇರ ಮಣ್ಣಿಗೆ ಹೊಡೆಯುತ್ತದೆ, ಬೂದಿ ಮಣ್ಣಿನ ಸಂದಿಗಳನ್ನು ಮುಚ್ಚುತ್ತದೆ, ನೀರು ಇಂಗದೆ ಓಡುತ್ತದೆ. ಬಿದಿರು ಮೆಳೆ ಅಥವಾ ದಿಮ್ಮಿ ಗಂಟೆಗಟ್ಟಲೆ ಉರಿದ ಜಾಗದಲ್ಲಿ ಮಣ್ಣು ಇನ್ನೂ ಗಟ್ಟಿ. ಮೇಲಿನ ಬೂದಿ ಸರಿಸಿ ಒಂದು ಹನಿ ನೀರು ಬಿಟ್ಟು ನೋಡಿ. ಅದು ಮುತ್ತಿನಂತೆ ಹಾಗೇ ನಿಂತು ಹತ್ತು ಎಣಿಸುವವರೆಗೂ ಇಂಗದಿದ್ದರೆ ಆ ಜಾಗ ನೀರನ್ನು ಒಳಗೆ ಬಿಡುತ್ತಿಲ್ಲ ಎಂದರ್ಥ. ಓಡುವ ನೀರಿಗೆ ಎಲ್ಲಕ್ಕಿಂತ ಸಲೀಸಾದ ಹಾದಿ ಎಂದರೆ ಮನುಷ್ಯರು ತುಳಿದು ತಗ್ಗು ಮಾಡಿದ ಕಾಲುದಾರಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ಹಳ್ಳವಾಗುತ್ತದೆ. ಹಳ್ಳದಲ್ಲಿ ನಡೆಯಲಾಗದೆ ಜನ ಪಕ್ಕದಲ್ಲಿ ಹೊಸ ದಾರಿ ತುಳಿಯುತ್ತಾರೆ, ಮುಂದಿನ ವರ್ಷ ಅದೂ ಹಳ್ಳ. ಘಟ್ಟದ ಹುಲ್ಲಿನ ಬೆಟ್ಟಗಳಲ್ಲಿ ಒಂದರ ಪಕ್ಕ ಒಂದು ಮೂರು ನಾಲ್ಕು ಕೊರಕಲುಗಳು ಏರುತ್ತಾ ಹೋಗಿರುವುದನ್ನು ನೀವೂ ನೋಡಿರುತ್ತೀರಿ.

ಇದಕ್ಕೆ ಪರಿಹಾರ ಮಲೆನಾಡಿನ ಪ್ರತಿ ಕೃಷಿಕರಿಗೂ ಗೊತ್ತಿದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಹೊರಗೆ ಕಳಿಸುವಂತೆ ದಾರಿಯ ನೀರನ್ನೂ ಅಲ್ಲಲ್ಲಿ ಬದಿಗೆ ಕಳಿಸಬೇಕು. ದಾರಿಗೆ ಅಡ್ಡಲಾಗಿ, ನೇರವಾಗಿ ಅಲ್ಲದೆ ಓರೆಯಾಗಿ, ಇಳಿಜಾರಿನ ಕಡೆಗೆ ಬಾಗಿದಂತೆ ಚಪ್ಪಟೆ ಕಲ್ಲುಗಳ ಸಾಲು ಹೂಳಿ. ಪ್ರತಿ ಕಲ್ಲಿನ ಮೂರರಲ್ಲಿ ಎರಡು ಭಾಗ ಮಣ್ಣಿನೊಳಗಿರಬೇಕು. ಮೇಲೆ ಇಟ್ಟ ಕಲ್ಲು ಮೊದಲ ಮಳೆಗೇ ಉರುಳುತ್ತದೆ. ಕಲ್ಲಿನ ಸಾಲಿನ ಏರುಬದಿಯಲ್ಲಿ ಬಾಣಲಿಯಷ್ಟು ತಗ್ಗು ತೆಗೆದು ನೀರು ಹೊರಹೋಗುವ ಬಾಯಿಯನ್ನು ಅಗಲವಾಗಿ ಬಿಡಿ. ನೀರು ಬೀಳುವ ಜಾಗದಲ್ಲಿ ನಾಲ್ಕು ಕಲ್ಲು ಹಾಸಿ, ಇಲ್ಲದಿದ್ದರೆ ಅಲ್ಲೊಂದು ಹೊಸ ಕೊರಕಲು ಹುಟ್ಟುತ್ತದೆ. ಕಡಿದಾದ ಏರಿನಲ್ಲಿ ಹತ್ತು ಹದಿನೈದು ಹೆಜ್ಜೆಗೊಂದು ಇಂಥ ಅಡ್ಡಗಟ್ಟು ಬೇಕು. ಇಳಿಜಾರು ಸಾಧಾರಣವಾಗಿದ್ದರೆ ಮೂವತ್ತು ನಲವತ್ತು ಹೆಜ್ಜೆಗೊಂದು ಸಾಕು. ದಾರಿಯ ಮೇಲ್ಮೈ ಕಣಿವೆಯ ಕಡೆಗೆ ಚೂರೇ ಚೂರು ವಾಲಿರಲಿ.

ಪಕ್ಕದ ಹೊಸ ದಾರಿಗಳನ್ನು ಮುಚ್ಚುವುದು ಇದಕ್ಕಿಂತ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವುಗಳ ಬಾಯಿಗೆ ಒಣ ಕೊಂಬೆ, ಮುಳ್ಳು, ಕಲ್ಲು ಹಾಕಿ ನಡೆಯಲು ಮನಸ್ಸು ಬರದಂತೆ ಮಾಡಿ. ಒಳಗೆ ಅಲ್ಲಲ್ಲಿ ಕಲ್ಲಿನ ಪುಟ್ಟ ತಡೆ ಕಟ್ಟಿದರೆ ಮಣ್ಣು ತಂಗುತ್ತದೆ, ಮಣ್ಣು ತಂಗಿದಲ್ಲಿ ಹುಲ್ಲು ತಾನಾಗಿ ಬರುತ್ತದೆ. ಕಲ್ಲು ಆರಿಸುವಾಗ ದಾರಿಯ ಸುತ್ತಮುತ್ತ ಮಗುಚಿ ಹಾಕುತ್ತಾ ಹೋಗಬೇಡಿ. ಬೆಂಕಿಯ ನಂತರ ಹಾವು, ಹಲ್ಲಿ, ಚೇಳು, ಕಪ್ಪೆಗಳಿಗೆ ಉಳಿದಿರುವ ಮನೆ ಕಲ್ಲುಗಳ ಅಡಿ ಮಾತ್ರ.

ದಾರಿಯ ಮೇಲ್ಗಡೆಯ ಬೋಳು ಇಳಿಜಾರಿನಲ್ಲಿ ಸುಟ್ಟ ಕೊಂಬೆಗಳನ್ನು ಅಡ್ಡಡ್ಡ, ಸಮಪಾತಳಿಯ ಗೆರೆಯಲ್ಲಿ ಹಾಸುವುದು ಒಳ್ಳೆಯ ಉಪಾಯ. ಆದರೆ ಕೊಂಬೆ ನೆಲಕ್ಕೆ ಪೂರ್ತಿ ಅಂಟಿರಬೇಕು, ಮೇಲಿನ ಬದಿಯಲ್ಲಿ ಮಣ್ಣು ಒತ್ತಿರಬೇಕು. ಸಂದಿ ಬಿಟ್ಟರೆ ನೀರು ಅಲ್ಲೇ ಸೇರಿ ಜೋರಾಗಿ ನುಗ್ಗುತ್ತದೆ, ಏನೂ ಮಾಡದಿದ್ದರೇ ಚೆನ್ನಾಗಿತ್ತು ಎನ್ನುವಂತಾಗುತ್ತದೆ. ಈ ಕೆಲಸಗಳಿಗೆ ಹಾರೆ, ಪಿಕಾಸಿ, ಗುದ್ದಲಿ, ಸಲಿಕೆ, ಒಂದೆರಡು ಮಚ್ಚು ಸಾಕು. ಮಣ್ಣು ಸ್ವಲ್ಪ ನೆಂದಿರುವ ಅಶ್ವಿನಿ, ಭರಣಿ ಮಳೆಗಳ ನಡುವಿನ ದಿನಗಳು, ಅಂದರೆ ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದವರೆಗೆ, ಇದಕ್ಕೆ ಹೇಳಿ ಮಾಡಿಸಿದ ಕಾಲ. ಮೃಗಶಿರಾ ಹಿಡಿಯುವಷ್ಟರಲ್ಲಿ ಮುಗಿದಿರಬೇಕು.

ಲಂಟಾನ

ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಚೆಂದಕ್ಕೆಂದು ತಂದ ಈ ಗಿಡ ಇಂದು ದಕ್ಷಿಣದ ಕಾಡುಗಳ ದೊಡ್ಡ ಸಂಕಟ. ಬೆಂಕಿಗೂ ಲಂಟಾನಕ್ಕೂ ಒಂದು ವಿಷವರ್ತುಲವಿದೆ. ಒಣಗಿದ ಲಂಟಾನ ಪೊದೆ ನೆಲದ ಬೆಂಕಿಯನ್ನು ಮರದ ಎತ್ತರಕ್ಕೆ ಏರಿಸುತ್ತದೆ. ಮರ ಸತ್ತು ಬಿಸಿಲು ನೆಲಕ್ಕೆ ಬಿದ್ದರೆ ಲಂಟಾನ ಬುಡದಿಂದ ಚಿಗುರಿ ಮತ್ತಷ್ಟು ದಟ್ಟವಾಗುತ್ತದೆ. ಮುಂದಿನ ಬೆಂಕಿ ಇನ್ನೂ ಜೋರು. ಜಿಂಕೆ, ಕಾಟಿ, ಆನೆಗೆ ಬೇಕಾದ ಹುಲ್ಲು ಅದರಡಿ ಬೆಳೆಯುವುದಿಲ್ಲ. ಮೇವಿಲ್ಲದ ಆನೆ ಹೊಲಕ್ಕೆ ಬರುತ್ತದೆ. ಹೀಗೆ ಕಾಡಿನ ಕಳೆಯ ಕಥೆ ಊರಿನ ಕಥೆಯೂ ಹೌದು.

ಬೆಂಕಿಯಿಂದ ಕಾಡಿಗೆ ಸಿಗುವ ಒಂದೇ ಅನುಕೂಲವೆಂದರೆ ಮುಳ್ಳಿನ ಪೊದೆ ಸುಟ್ಟು ಲಂಟಾನದ ಬುಡ ಕಣ್ಣಿಗೆ ಕಾಣುವುದು. ಎರಡು ಹದಮಳೆ ಬಿದ್ದು ನೆಲ ಮೆತ್ತಗಾದಾಗ, ಹೊಸ ಚಿಗುರು ಹೂ ಬಿಡುವ ಮುನ್ನ ಕೈ ಹಾಕಬೇಕು. ಮಚ್ಚಿನಲ್ಲಿ ಸವರಿ ಬಂದರೆ ಉಪಯೋಗವಿಲ್ಲ, ಒಂದಕ್ಕೆ ಹತ್ತು ಚಿಗುರು ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ತಂಡ ರೂಪಿಸಿದ ವಿಧಾನ ಸರಳ. ಬುಡದ ಸುತ್ತ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ ಎರಡು ಮೂರು ಬೆರಳಿನಷ್ಟು ಕೆಳಗೆ ಕತ್ತರಿಸಬೇಕು. ಚಿಗುರುವ ಶಕ್ತಿ ಇರುವುದು ಅದಕ್ಕಿಂತ ಮೇಲಿನ ಭಾಗದಲ್ಲಿ. ಕಿತ್ತ ಗಿಡವನ್ನು ಬೇರು ಮೇಲೆ ಮಾಡಿ ತಲೆಕೆಳಗೆ ಇಡಿ, ನೆಲಕ್ಕೆ ತಾಗಿದ ಕಡ್ಡಿ ಮತ್ತೆ ಬೇರು ಬಿಡಬಾರದು.

ಇಲ್ಲಿಗೆ ಅರ್ಧ ಕೆಲಸವಷ್ಟೇ ಆಯಿತು. ಲಂಟಾನದ ಹಣ್ಣು ತಿಂದ ಪಿಕಳಾರ, ಮೈನಾಗಳು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಆದ್ದರಿಂದ ಮುಂದಿನ ಎರಡು ಮೂರು ವರ್ಷ ಮಳೆಗಾಲದಲ್ಲಿ ಬಂದು ಮರಗಳ ಅಡಿ ಹುಟ್ಟಿದ ಎಳೆ ಸಸಿಗಳನ್ನು ಕೈಯಲ್ಲೇ ಕೀಳಬೇಕು. ಬಗ್ಗಿ ಬಗ್ಗಿ ಸೊಂಟ ನೋಯುವ, ಫೋಟೊಗೆ ಏನೂ ಚೆನ್ನಾಗಿ ಕಾಣದ ಕೆಲಸ ಇದು. ಇದನ್ನು ಮಾಡುವ ಗುಂಪಿದ್ದರೆ ಮಾತ್ರ ಮೊದಲ ವರ್ಷದ ದುಡಿಮೆ ಉಳಿಯುತ್ತದೆ. ಹಾಗಾಗಿ ದೊಡ್ಡ ಜಾಗಕ್ಕೆ ಕೈ ಹಾಕಬೇಡಿ. ಒಂದು ಕೆರೆಯ ಸುತ್ತ, ಒಂದು ಹಳ್ಳದ ಎರಡು ದಂಡೆ, ಅಷ್ಟು ಸಾಕು. ಬಂಡೀಪುರ, ನಾಗರಹೊಳೆ ಕಡೆ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಹಬ್ಬುತ್ತಿದೆ. ಅದರ ಎಳೆ ಸಸಿ ಕೀಳಬಹುದು, ದೊಡ್ಡ ಮರ ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತವೆ, ಅದನ್ನು ಇಲಾಖೆಗೆ ಬಿಡಿ.

ಕಿತ್ತ ಲಂಟಾನ ಕಸವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮಂಚ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿ ಕಡೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಿಂದ ಮಾಡಿದ ನಿಜ ಗಾತ್ರದ ಆನೆಗಳು ಹೊರದೇಶಗಳಲ್ಲೂ ಪ್ರದರ್ಶನ ಕಂಡಿವೆ. ನಿಮ್ಮ ಗುಂಪು ಕೀಳುವ ಜಾಗದ ಹತ್ತಿರ ಹೆಣಿಗೆ ಬಲ್ಲವರಿದ್ದರೆ ಇಲಾಖೆಯ ಒಪ್ಪಿಗೆ ಪಡೆದು ಕಡ್ಡಿ ಅವರಿಗೆ ಸಿಗುವಂತೆ ಮಾಡಿ.

ಸಸಿ ನೆಡುವ ಉತ್ಸಾಹದವರಿಗೆ

ಬೆಂಕಿಯ ಸುದ್ದಿ ಬಂದ ಕೂಡಲೇ ಸಸಿ ನೆಡುವ, ಬೀಜದುಂಡೆ ಎಸೆಯುವ ಕಾರ್ಯಕ್ರಮಗಳು ಶುರುವಾಗುತ್ತವೆ. ಮಕ್ಕಳ ಕೈಯಲ್ಲಿ ಮಣ್ಣಿನ ಉಂಡೆ ನೋಡಲು ಚೆಂದ. ಆದರೂ ಹೇಳಲೇಬೇಕು. ಸಹಜ ಕಾಡಿನ ಒಳಗೆ ಇದರ ಅಗತ್ಯ ತೀರಾ ಕಡಿಮೆ, ಕೆಡುಕೇ ಹೆಚ್ಚಾಗಬಹುದು. ಬೇರೆ ಊರಿನ ಬೀಜ, ಬೇರೆ ಮಣ್ಣಿನ ಮರ, ಪಾಲಿಥಿನ್ ಚೀಲದ ಜೊತೆ ಬರುವ ಕಳೆ ಬೀಜ, ಇವೆಲ್ಲ ಕಾಡಿಗೆ ಹೊರೆ. ಕಾಡಿನ ನೆಲದಲ್ಲಿ ಬೇರುಗಳು ಬದುಕಿರುತ್ತವೆ. ನೆಟ್ಟ ಸಸಿ ಮೊದಲ ಬೇಸಿಗೆ ದಾಟುವುದೇ ಕಷ್ಟ, ಹಳೆಯ ಬೇರಿನಿಂದ ಎದ್ದ ಚಿಗುರು ದಾಟುತ್ತದೆ.

ನೆಡುವ ಬದಲು ಇರುವುದನ್ನು ಉಳಿಸಿ. ತಾನಾಗಿ ಎದ್ದ ಹೊನ್ನೆ, ಬೀಟೆ, ನೆಲ್ಲಿ, ಮತ್ತಿ ಸಸಿಗಳನ್ನು ಗುರುತಿಸಿ, ಸುತ್ತಲಿನ ಲಂಟಾನ, ಯುಪಟೋರಿಯಂ ಕಳೆಗಳನ್ನು ಕಿತ್ತು, ಬುಡಕ್ಕೆ ಕಿತ್ತ ಹುಲ್ಲನ್ನೇ ಹೊದಿಸಿ. ಲಂಟಾನ ತೆಗೆದ ಖಾಲಿ ನೆಲದಲ್ಲಿ ಅದೇ ವಲಯದಿಂದ ಸಂಗ್ರಹಿಸಿದ ಹುಲ್ಲಿನ ಬೀಜ ಚೆಲ್ಲುವುದು, ಬಿದಿರು ಸಾಮೂಹಿಕವಾಗಿ ಹೂಬಿಟ್ಟು ಸತ್ತ ಕಡೆ ಬಿದಿರಿನ ಬೀಜ ಊರುವುದು, ಹಳ್ಳದ ಕುಸಿದ ದಂಡೆಯಲ್ಲಿ ಸ್ಥಳೀಯ ಗಿಡ ನೆಡುವುದು, ಇವಿಷ್ಟಕ್ಕೆ ಅರ್ಥವಿದೆ. ಅದೂ ಇಲಾಖೆ ಕೇಳಿದರೆ. ನೆಡಲೇಬೇಕೆಂಬ ಆಸೆ ಉಳಿದರೆ ಕಾಡಂಚಿನ ಊರುಗಳ ಗೋಮಾಳ, ಶಾಲೆಯ ಅಂಗಳ, ಕೆರೆ ಏರಿ ಇವೆ. ಸೌದೆಗೆ, ಮೇವಿಗೆ ಒದಗುವ ಮರ ಅಲ್ಲಿ ಬೆಳೆದರೆ ಕಾಡಿನ ಮೇಲಿನ ಹೊರೆಯೂ ಇಳಿಯುತ್ತದೆ.

ನೀರು, ಗೂಡು, ಉರುಳು

ಮೊದಲ ಮಳೆಗೆ ಬೂದಿ, ಇದ್ದಿಲು ಎಲ್ಲ ಕೆರೆಕಟ್ಟೆಗಳಿಗೆ ಇಳಿಯುತ್ತದೆ. ಮಳೆಗೆ ಮುನ್ನ ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲಿ ಕಲ್ಲು, ಕೊಂಬೆಯ ತಡೆ ಕಟ್ಟಿದರೆ ಹೂಳು ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೆರೆಯೊಳಗೆ ಇಳಿದು ಕೆಲಸ ಮಾಡುವುದಿದ್ದರೆ ಬೆಳಗಿನ ಬಿಸಿಲೇರಿದ ಮೇಲೆ ಹೋಗಿ, ಸಂಜೆ ನಾಲ್ಕಕ್ಕೆ ಮುಂಚೆ ಹೊರಬನ್ನಿ. ಆನೆಗಳು ನೀರಿಗೆ ಬರುವ ಹೊತ್ತನ್ನು ವಾಚರ್‌ಗಳನ್ನೇ ಕೇಳಿಕೊಳ್ಳಬೇಕು. ಸುಟ್ಟ ಜಾಗದಲ್ಲಿ ಹೊಸ ಹುಲ್ಲು ಬಂದಾಗ ಪ್ರಾಣಿಗಳು ಅಲ್ಲೇ ಸೇರುತ್ತವೆ, ಮರೆಗೆ ಪೊದೆ ಇಲ್ಲದಿದ್ದರೂ ಎದುರಾಗುವ ಸಾಧ್ಯತೆ ಹೆಚ್ಚು.

ಬೆಂಕಿಯ ಕಾಲವೇ ಕಾಡುಕೋಳಿ, ನವಿಲು, ಲಾವಕ್ಕಿಗಳು ನೆಲದಲ್ಲಿ ಮೊಟ್ಟೆಯಿಡಲು ತೊಡಗುವ ಕಾಲ. ಉಳಿದ ಹಸಿರು ತುಂಡುಗಳೇ ಅವುಗಳ ಆಸರೆ. ಎಷ್ಟೇ ಕುತೂಹಲವಿದ್ದರೂ ಅವುಗಳೊಳಗೆ ನುಗ್ಗಬೇಡಿ. ದಾರಿಗೆ ಅಪಾಯವಿಲ್ಲದ ಒಣಮರಗಳನ್ನು ನಿಂತಂತೆ ಬಿಡಿ. ಮರಕುಟಿಗ ಕೊರೆದ ಪೊಟರೆಯಲ್ಲಿ ಗಿಳಿ, ಗೂಬೆ, ಹಾರುವ ಅಳಿಲು ಸಂಸಾರ ಹೂಡುತ್ತವೆ. ಗಾಯಗೊಂಡ ಪ್ರಾಣಿ ಕಂಡರೆ ಮುಟ್ಟದೆ, ನೀರು ಕುಡಿಸಲು ಹೋಗದೆ ಜೊತೆಯ ಸಿಬ್ಬಂದಿಗೆ ತೋರಿಸಿ. ಪೊದೆ ಸುಟ್ಟಾಗ ಕಾಣಸಿಗುವ ಇನ್ನೊಂದು ವಸ್ತು ಉರುಳು. ಕಾಡುಹಂದಿಗೆಂದು ಒಡ್ಡಿದ ತಂತಿಯ ಕುಣಿಕೆಗೆ ಚಿರತೆಯೂ ಬೀಳುತ್ತದೆ. ಕಂಡರೆ ಕಿತ್ತು ಜೇಬಿಗೆ ಹಾಕಿಕೊಳ್ಳಬೇಡಿ. ಅದು ಸಾಕ್ಷ್ಯ, ಗಾರ್ಡ್ ಬಂದು ನೋಡಬೇಕು.

ಮೈ ಕಾಪಾಡಿಕೊಳ್ಳುವುದು

ನೈಲಾನ್ ಬಟ್ಟೆ ಬೇಡ, ತುಂಬುತೋಳಿನ ಹತ್ತಿ ಬಟ್ಟೆ ಇರಲಿ. ದಪ್ಪ ಅಡಿಯ ಬೂಟು, ಚರ್ಮದ ಕೈಗವಸು, ಬೂದಿ ಎದ್ದಾಗ ಮೂಗಿಗೆ ಮಾಸ್ಕ್, ತಲೆಗೊಂದು ಹೆಲ್ಮೆಟ್. ಆಸ್ತಮಾ ಇದ್ದವರು ಮೊದಲ ಮಳೆ ಬಿದ್ದ ಮೇಲಷ್ಟೇ ಬರಲಿ.

ಕರ್ನಾಟಕದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಬೆಂಕಿಯ ಕಾಲವೂ ಅದೇ. ಮಲೆನಾಡಿಗಷ್ಟೇ ಸೀಮಿತ ಎಂದುಕೊಳ್ಳಬೇಡಿ. 2012ರ ಕೊನೆಯಲ್ಲಿ ಬಂಡೀಪುರದಲ್ಲೂ ಅರಣ್ಯ ಕೆಲಸಗಾರರಲ್ಲಿ ಕಾಣಿಸಿಕೊಂಡಿತ್ತು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆದು ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ದೂರದಿಂದಲೇ ಜಾಗ ಗುರುತಿಟ್ಟು ತಿಳಿಸಿ, ಆ ದಿನ ಆ ಕಡೆ ಕೆಲಸ ನಿಲ್ಲಿಸಿ. ಕಾಡಿಗೆ ಹೋಗಿ ಬಂದ ಎರಡು ವಾರದೊಳಗೆ ಜ್ವರ, ಸೊಂಟನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಹಿಡಿದು, ವಿಷನಿರೋಧಕ ಮದ್ದಿರುವ ಆಸ್ಪತ್ರೆಗೆ ಒಯ್ಯಿರಿ. ಅಂಥ ಆಸ್ಪತ್ರೆ ಯಾವುದು, ಎಷ್ಟು ದೂರ ಎಂಬುದು ಕೆಲಸಕ್ಕೆ ಇಳಿಯುವ ಮುನ್ನವೇ ಗುಂಪಿನ ಎಲ್ಲರಿಗೂ ಗೊತ್ತಿರಬೇಕು.

ಕಾಡಿನವರ ಮಾತು

ಕರ್ನಾಟಕದಲ್ಲಿ ಕಾಡಿಗೆ ಬೀಳುವ ಬೆಂಕಿ ಬಹುಪಾಲು ಮನುಷ್ಯರದ್ದೇ. ಆರದ ಬೀಡಿ, ಹೊಸ ಹುಲ್ಲಿನ ಆಸೆ, ಉದುರಿದ ಕೊಂಬು ಹುಡುಕುವ ಕಳ್ಳರು, ಬೆಳೆ ಕಳೆದುಕೊಂಡವರ ಸಿಟ್ಟು, ಕಾರಣಗಳು ಹಲವು. ಹಾಗೆಂದು ಕಾಡಂಚಿನ ಜನರನ್ನೆಲ್ಲ ಅನುಮಾನದಿಂದ ನೋಡುವುದು ಅನ್ಯಾಯ. ಬೆಂಕಿ ಕಾಯುವ ಫೈರ್ ವಾಚರ್‌ಗಳು, ಬೆಂಕಿ ಹಬ್ಬದಂತೆ ಬೆಂಕಿ ರೇಖೆ ಸವರುವ ಕೂಲಿಗಳು ಅವರ ಮನೆಯವರೇ. ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ, ನೆಲ ಇನ್ನೂ ಒಣಗುವ ಮುನ್ನ, ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದರು. ಅದರಿಂದ ಲಂಟಾನ ತಲೆಯೆತ್ತುತ್ತಿರಲಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತುತ್ತಿರಲಿಲ್ಲ ಎನ್ನುವುದು ಹಿರಿಯರ ಅನುಭವ. ಬಿಆರ್‌ಟಿಯಲ್ಲಿ ದಶಕಗಳಿಂದ ಅಧ್ಯಯನ ಮಾಡುತ್ತಿರುವ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ತಿಳಿವಳಿಕೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇಂದು ಕಾನೂನಿನಂತೆ ಇಲಾಖೆಯ ಹೊರತು ಯಾರೂ ಬೆಂಕಿ ಹಾಕುವಂತಿಲ್ಲ. ಆದರೆ ಯಾವ ಗಿಡ ಎಲ್ಲಿ ಮರಳಿ ಬರುತ್ತದೆ, ಯಾವುದನ್ನು ಮುಟ್ಟಬಾರದು ಎಂದು ತಿಳಿಯಲು ಪೋಡಿನ ಒಬ್ಬ ಅಜ್ಜಿಯ ಜೊತೆ ಅರ್ಧ ದಿನ ನಡೆದರೆ ಸಿಗುವಷ್ಟು ಪಾಠ ಬೇರೆಲ್ಲೂ ಸಿಗದು.

ಇನ್ನೊಂದು ಸೂಕ್ಷ್ಮವಿದೆ. ಕಳೆ ತೆಗೆಯುವುದು, ದಾರಿ ಸವರುವುದು ಕಾಡಂಚಿನ ಜನರ ಪಾಲಿಗೆ ಕೂಲಿ. ನಾವು ಪುಕ್ಕಟೆ ಮಾಡುತ್ತೇವೆ ಎಂದು ಹೋಗಿ ಅವರ ಬೇಸಿಗೆಯ ದುಡಿಮೆ ಕಸಿಯಬಾರದು. ಗುಂಪು ಹಣ ಕೂಡಿಸಬಲ್ಲದಾದರೆ ಆ ಹಣದಿಂದ ಇಬ್ಬರು ಸ್ಥಳೀಯರಿಗೆ ದಿನಗೂಲಿ ಕೊಟ್ಟು ಅವರ ಕೈಕೆಳಗೆ ನಾವು ಕೆಲಸ ಮಾಡುವುದು ಲೇಸು.

ವರ್ಷದ ಲೆಕ್ಕ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಡಿನಿಂದ ಹೊರಗಿರಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳ ನೆರವಿನಿಂದ ಕೊಡುವ ಬೆಂಕಿ ಎಚ್ಚರಿಕೆಗೆ ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಗುಂಪಿನಲ್ಲಿ ಒಬ್ಬರಾದರೂ ಅದನ್ನು ನೋಡುತ್ತಿರಲಿ. ಏಪ್ರಿಲ್, ಮೇ ದಾರಿಗೆ ಮತ್ತು ಲಂಟಾನಕ್ಕೆ. ಜೂನ್‌ನಿಂದ ಆಗಸ್ಟ್ ಒಂದೆರಡು ಸಲ ಬಂದು ಅಡ್ಡಗಟ್ಟುಗಳ ಬಾಯಿ ಬಿಡಿಸಿ, ನೀರು ಹೇಗೆ ಹರಿಯುತ್ತಿದೆ ಎಂದು ಮಳೆಯಲ್ಲೇ ನಿಂತು ನೋಡಿದರೆ ಮುಂದಿನ ವರ್ಷದ ಕೆಲಸ ಅಲ್ಲೇ ತಿಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಎಳೆ ಕಳೆ ಕೀಳುವ ಕಾಲ. ನವೆಂಬರ್‌ನಲ್ಲಿ ಚಾರಣದ ದಾರಿಯ ಗುರುತುಗಳನ್ನು ಸರಿಪಡಿಸಿ, ಬಾಟಲಿ, ಪ್ಲಾಸ್ಟಿಕ್ ಆಯ್ದು ತನ್ನಿ. ಡಿಸೆಂಬರ್, ಜನವರಿ ಬೆಂಕಿ ರೇಖೆಯ ತಿಂಗಳು. ಒಣಹುಲ್ಲು ಸವರಿ ಒಂದೆಡೆ ಒಟ್ಟುವವರೆಗೆ ನಾವು ನೆರವಾಗಬಹುದು, ಸುಡುವುದು ಇಲಾಖೆಯ ಕೆಲಸ.

ಒಂದು ಬಂಡೆಯನ್ನೋ ಮೈಲಿಗಲ್ಲನ್ನೋ ಗುರುತು ಮಾಡಿಕೊಂಡು ಅದೇ ಜಾಗದಿಂದ, ಅದೇ ದಿಕ್ಕಿಗೆ, ವರ್ಷಕ್ಕೆ ನಾಲ್ಕು ಸಲ ಫೋಟೊ ತೆಗೆಯಿರಿ. ಹಿಂದೆ ದಿನಾಂಕ ಬರೆದು ಒಂದು ಪ್ರತಿಯನ್ನು ವಲಯ ಕಚೇರಿಗೆ ಕೊಡಿ. ಅಧಿಕಾರಿಗಳು ವರ್ಗವಾಗುತ್ತಾರೆ, ಕಡತದಲ್ಲಿ ಫೋಟೊ ಇದ್ದರೆ ಹೊಸಬರಿಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ.

ಗುಂಪು ಕಟ್ಟುವವರು ಡಿಸೆಂಬರ್‌ನಲ್ಲೇ ಆರ್‌ಎಫ್‌ಒ ಅವರನ್ನು ಕಂಡು ಒಂದು ಪತ್ರ ಕೊಡಿ. ಹತ್ತರಿಂದ ಹನ್ನೆರಡು ಜನರ ಹೆಸರು, ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ವಿವರ ಅದರಲ್ಲಿರಲಿ. ಒಂದು ದಾರಿ ಅಥವಾ ಒಂದು ಕೆರೆಯ ಹೆಸರು ಹಾಕಿ ಅದನ್ನೇ ಕೇಳಿ. ಬರಬಲ್ಲ ತಿಂಗಳುಗಳನ್ನು ಮುಂದಿನ ಮೂರು ವರ್ಷಕ್ಕೂ ಬರೆಯಿರಿ.